ಓದಿ ಹೇಳುವವಳು

ಒಳಕೋಣೆಯ ಕಪಾಟಿನಿಂದ ಹೆಂಗಸೊಬ್ಬಳು ಮಾತಾಡಿದ್ದು ಮೊದಲು ಕೇಳಿಸಿದ್ದು ಅತ್ತೆಗೆ. ಸೊಸೆ ಕರೆದರೆ ಮೂರನೆಯ ಸಲಕ್ಕೆ "ಆಂ?" ಎನ್ನುವ ಮುದುಕಿಗೆ ಇದು ಮಾತ್ರ ಮೊದಲ ಸಲಕ್ಕೇ ಕೇಳಿಸಿತು.

"ಯಾರೇ ಅದು ಒಳಗೆ? ಯಾರೋ ಹೆಂಗಸು ಬೈತಿದಾಳೆ."

ಸೊಸೆ ಹೊಲಿಗೆಯಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. ಶಾಲೆಯ ಅಂಗಿಯ ಕಾಲರು ಸೂಜಿಯ ಕೆಳಗೇ ಉಳಿಯಿತು. ನಿಜ, ಒಳಗೆ ಯಾರೋ ಮಾತಾಡುತ್ತಿದ್ದರು. ಗುಂಡಿಯ ಡಬ್ಬಿ ನೆಲಕ್ಕೆ ಮಗುಚಿದಂತೆ ಪಟಪಟನೆ ಉದುರುವ ಮಾತು, ಒಂದಕ್ಷರವೂ ತಿಳಿಯದು. ಅವಳು ಎದ್ದು ಹೋಗಿ ಕಪಾಟಿನ ಬಾಗಿಲು ತೆರೆದಳು. ಬೆಳಿಗ್ಗೆ ಚಾರ್ಜಿಗೆ ಹಾಕಿದ್ದ ಗಂಡನ ಫೋನು ಮಡಿಸಿದ ಬಟ್ಟೆಗಳ ಮೇಲೆ ಮಲಗಿತ್ತು. ಪರದೆ ಕಪ್ಪಗಿತ್ತು. ಮುಟ್ಟಿದಳು, ಪರದೆ ಬೆಳಗಲಿಲ್ಲ, ಹೆಂಗಸು ಮಾತ್ರ ಮಾತಾಡಿದಳು. ಕೈ ತೆಗೆದಳು, ಸುಮ್ಮನಾಯಿತು. ಇನ್ನೊಮ್ಮೆ ಮುಟ್ಟಿದಳು, ಮತ್ತೆ ಶುರುವಾಯಿತು. ಫೋನಿನ ಮೇಲೆ ಒಂದು ಹೊದಿಕೆ ಎಳೆದು ಬಾಗಿಲು ಹಾಕಿ ಬಂದವಳು ಆ ದಿನ ಕಾಲರು ಮೂರು ಸಲ ಬಿಚ್ಚಿ ಹೊಲಿದಳು.

ಗಂಡ ಸತ್ತು ಮೂರು ತಿಂಗಳಾಗಿತ್ತು. ಆಸ್ಪತ್ರೆಯವರು ಅವನ ಗಡಿಯಾರ, ಬೆಲ್ಟಿನ ಜೊತೆ ಫೋನನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಅದನ್ನು ಹೊರಗೆ ತೆಗೆಯುವ ಮನಸ್ಸು ಅವಳಿಗೆ ಬಂದೇ ಇರಲಿಲ್ಲ. ಈಗ ತೆಗೆದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಬೆಳಿಗ್ಗೆ ಕೋಲಣ್ಣ ಬಂದಿದ್ದ.

ಆಸ್ಪತ್ರೆಗಳ ಹಾಸು ಹೊದಿಕೆ ಒಗೆದು ಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಗಂಡ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡಿದ್ದ. ಅಲ್ಲಿ ಎಲ್ಲರಿಗೂ ಅವನು ಬಾಯ್ಲರಣ್ಣ. ಕೋಲಿನ ಹಾಗೆ ಉದ್ದಕ್ಕಿದ್ದ ಕೋಲಣ್ಣ ಬೆಳಗಿನ ಪಾಳಿಯವನು. ಎರಡು ಗಂಟೆಗೆ ಅವನು ಇಳಿದರೆ ಬಾಯ್ಲರಣ್ಣ ಹತ್ತಬೇಕು. ಆ ದಿನ ಎರಡನೇ ಬಾಯ್ಲರಿನ ಸೇಫ್ಟಿ ವಾಲ್ವ್ ಅಂಟಿಕೊಂಡಿತ್ತು. ಒತ್ತಡ ಏರಿದರೆ ತಾನಾಗಿ ತೆರೆದು ಹಬೆ ಬಿಡಬೇಕಾದ ವಾಲ್ವ್ ಅದು. ಕೋಲಣ್ಣ ಬಾಯ್ಲರ್ ಆರಿಸಿ ಮನೆಗೆ ಹೋದ. ಬಾಯ್ಲರಣ್ಣ ಬಂದು ಹೊತ್ತಿಸಿದ. ಮೂರೂವರೆಗೆ ಕೊಳವೆ ಒಡೆಯಿತು. ವಾಲ್ವಿನ ವಿಷಯ ಬೋರ್ಡಿನ ಮೇಲೆ ಬರೆದಿದ್ದೆ ಎಂದು ಕೋಲಣ್ಣ ಹೇಳುತ್ತಿದ್ದ. ಆದರೆ ಬಿಸಿನೀರು ಬಡಿದು ಬೋರ್ಡು ತೊಳೆದು ಹೋಗಿತ್ತು, ರಿಜಿಸ್ಟರಿನಲ್ಲಿ ಒಂದು ಸಾಲೂ ಇರಲಿಲ್ಲ. ರಿಜಿಸ್ಟರು ಮೇಲಿನವರಿಗೆ, ಬೋರ್ಡು ನಮಗೆ ಎಂಬುದು ಬಾಯ್ಲರ್ ಮನೆಯ ಹಳೆಯ ರೂಢಿ. ರಿಜಿಸ್ಟರನ್ನು ವಾರಕ್ಕೊಮ್ಮೆ ಕೂತು ತುಂಬುತ್ತಿದ್ದರು. ಅದು ವಿಚಾರಣೆ ಮಾಡುವವರಿಗೆ ಹೇಗೆ ಅರ್ಥವಾಗಬೇಕು? ಕೋಲಣ್ಣನನ್ನು ಕೆಲಸದಿಂದ ದೂರ ಇಟ್ಟಿದ್ದರು. ಗುರುವಾರ ಕೊನೆಯ ವಿಚಾರಣೆ. ಆಮೇಲೆ ಪೊಲೀಸು, ಕೋರ್ಟು.

ಅವನು ಹೊಸ್ತಿಲಾಚೆಯೇ ನಿಂತು ಮಾತಾಡಿದ್ದ. ಅವಳು ಕೂತುಕೋ ಎನ್ನಲಿಲ್ಲ.

"ಅತ್ತಿಗೆ, ಒಂದ್ಸಲ ಅಣ್ಣನ ಫೋನ್ ನೋಡಿ. ದಿನಾ ಬಂದ ತಕ್ಷಣ ಬೋರ್ಡಿನ ಫೋಟೋ ತೆಗೀತಿದ್ರಂತೆ. ಅವರಿಗೆ ಫೋಟೋ ಹುಚ್ಚು ಅಂತ ನಾವೆಲ್ಲ ನಗ್ತಿದ್ವಿ. ಅವತ್ತಿಂದೂ ಇರಬಹುದು."

"ನೀನು ಬರ್ದಿದ್ರೆ ನಮ್ಮನೆಯವ್ರು ಯಾಕಪ್ಪಾ ಉರಿ ಹಚ್ತಿದ್ರು? ಆ ಬಾಯ್ಲರ್ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವ್ರು. ನನ್ನ ಜೊತೆ ಮಾಡಿದ್ದೇ ಇಪ್ಪತ್ತು ವರ್ಷ."

"ಅದೇ ನಂಗೂ ಅರ್ಥ ಆಗ್ತಿಲ್ಲ ಅತ್ತಿಗೆ. ಆದ್ರೆ ಬರ್ದಿದ್ದೆ."

ಬಾಗಿಲು ಹಾಕಿಕೊಂಡಳು. ಫೋಟೋ ಇಲ್ಲ ಎಂದು ವಿಚಾರಣೆಯಲ್ಲಿ ಎಲ್ಲರೆದುರು ತೋರಿಸಿ ಇವನ ಬಾಯಿ ಮುಚ್ಚಿಸಬೇಕು ಎಂದುಕೊಂಡು ಫೋನನ್ನು ಚಾರ್ಜಿಗೆ ಹಾಕಿದ್ದಳು. ಹಾಗೆ ಎಬ್ಬಿಸಿದ್ದು ಆ ಹೆಂಗಸನ್ನು.

ಮರುದಿನ ಫೋನನ್ನು ಕರವಸ್ತ್ರದಲ್ಲಿ ಸುತ್ತಿ ರಸ್ತೆಯ ಮೂಲೆಯ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿ ನಡೆಸುವವಳು ಅವಳದೇ ವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಗೇರಿಸಿಕೊಂಡು, ಬಿಚ್ಚಿದ ಫೋನುಗಳ ನಡುವೆ ಚಹಾ ಲೋಟಕ್ಕೆ ಹೇಗೋ ಜಾಗ ಮಾಡಿಕೊಂಡಿದ್ದಳು. ಕಪ್ಪು ಪರದೆಯ ಮೇಲೆ ಎರಡು ಬೆರಳು ಎಳೆದಳು, ಏನೋ ತಟ್ಟಿದಳು. ಪರದೆ ಬೆಳಗಿತು. ಇನ್ನೇನೋ ಸರಿಸಿದಳು. ಫೋನಿನೊಳಗಿನ ಹೆಂಗಸಿನ ಅವಸರ ಇಳಿಯಿತು, ಮಾತು ಮಾತಾಯಿತು. "ಸೆಟಿಂಗ್ಸ್. ಮಾತಿನ ವೇಗ. ಐವತ್ತು ಶೇಕಡಾ."

"ಕೆಟ್ಟಿಲ್ಲ ಅಕ್ಕ. ಓದಿ ಹೇಳೋ ಸೌಲಭ್ಯ ಇದು. ಆನ್ ಮಾಡ್ಕೊಂಡ್ರೆ ಪರದೆ ಮೇಲಿರೋದನ್ನೆಲ್ಲ ಓದತ್ತೆ. ಮೆಸೇಜು, ಗಂಟೆ, ಫೋಟೋದಲ್ಲಿರೋ ಅಕ್ಷರ, ಎಲ್ಲಾನೂ."

"ಅದಷ್ಟಕ್ಕೇ ಆನ್ ಆಗಿರಬಹುದಲ್ವಾ?"

"ಆಗತ್ತೆ. ವಾಲ್ಯೂಮ್ ಬಟನ್ ಎರಡೂ ಒಟ್ಟಿಗೆ ಒತ್ತಿ ಹಿಡಿದ್ರೆ ಕೆಲವು ಫೋನಲ್ಲಿ ಆನ್ ಆಗತ್ತೆ. ದೆವ್ವ ಹಿಡಿದಿದೆ ಅಂತ ವಾರಕ್ಕೊಬ್ಬರು ಓಡಿ ಬರ್ತಾರೆ. ಆದ್ರೆ ಇದು ಹಾಗಲ್ಲ. ಇಷ್ಟು ವೇಗ ತಾನಾಗೇ ಬರಲ್ಲ. ಪರದೆ ಕಪ್ಪು ಮಾಡಿದ್ದೂ ಬೇಕಂತ್ಲೇ. ನನ್ನ ತಂಗೀನೂ ಹೀಗೇ ಮಾಡ್ಕೊಂಡಿದಾಳೆ, ಅವಳಿಗೆ ಕಣ್ಣಿಲ್ಲ. ಮೊದಲು ನಿಧಾನಕ್ಕೆ ಕೇಳಿಸ್ಕೋತಾರೆ, ಅಭ್ಯಾಸ ಆದ ಹಾಗೆ ಏರಿಸ್ತಾ ಹೋಗ್ತಾರೆ. ಈ ವೇಗಕ್ಕೆ ಬರಬೇಕಂದ್ರೆ ಒಂದೂವರೆ ಎರಡು ವರ್ಷನಾದ್ರೂ ಬೇಕು." ಅವಳು ಕನ್ನಡಕ ಇಳಿಸಿ ನೋಡಿದಳು. "ಯಾರದ್ದಕ್ಕ ಇದು?"

"ನಮ್ಮನೆಯವ್ರದ್ದು. ಅವರಿಗೆ ಕಣ್ಣು ಚೆನ್ನಾಗೇ ಇತ್ತು."

ರಿಪೇರಿಯವಳು ವಾದ ಮಾಡಲಿಲ್ಲ. "ಇಯರ್‌ಫೋನ್ ಹಾಕ್ಕೊಂಡಿರ್ತಿದ್ರಾ?" ಎಂದಷ್ಟೇ ಕೇಳಿದಳು.

ಹೊಲಿಗೆಯಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಹಾಕಿಕೊಂಡಿರುತ್ತಿದ್ದ. ಎರಡು ವರ್ಷದಿಂದ ಎಡಗಿವಿಯಲ್ಲಿ ಆ ಕಪ್ಪು ವೈರು ಇಲ್ಲದೆ ಅವನು ಮನೆಯೊಳಗೆ ಓಡಾಡಿದ್ದೇ ಇಲ್ಲ. ಹಾಡಿನ ಚಟ ಎಂದು ಅವಳು ತಿಳಿದಿದ್ದಳು. ಮಾತಾಡುವಾಗ ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟಿದ್ದ, ಅವಳ ಕಿವಿಯ ಕಡೆಗೋ ಭುಜದ ಕಡೆಗೋ ನೋಡುತ್ತ ಉತ್ತರ ಕೊಡುತ್ತಿದ್ದ. ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವನು ಆಗೊಮ್ಮೆ "ಕೈ ನಡುಗತ್ತೆ ಕಣೇ, ನೀನೇ ಪೋಣಿಸ್ಕೋ" ಎಂದಿದ್ದ. ಗಂಡನಿಗೆ ತಾನು ಸಾಕಾಗಿದ್ದೇನೆ ಎಂದು ಇವಳು ಲೆಕ್ಕ ಹಾಕಿದ್ದಳು. ಗಂಡನ ಕಿವಿಯಲ್ಲಿ ಇನ್ನೊಬ್ಬಳು ಇದ್ದದ್ದೇನೋ ನಿಜವೇ.

ಆ ಕೊನೆಯ ದಿನ ಊಟದ ಹೊತ್ತಿಗೆ ಅವಳು ಒಂದು ವಿಷಯ ಎತ್ತಿದ್ದಳು. ಎರಡು ವಾರದಿಂದ ಬಲಗೈ ಜೋಮು ಹಿಡಿಯುತ್ತಿದೆ, ಕತ್ತರಿ ಹಿಡಿಯಲಾಗುತ್ತಿಲ್ಲ, ಡಾಕ್ಟರ ಹತ್ತಿರ ಹೋಗೋಣ ಎಂದು. ಒಂದು ಸಲ ಹೇಳಿದಳು, ಎರಡು ಸಲ ಹೇಳಿದಳು. ಅವನು ಮಡಿಲಲ್ಲಿಟ್ಟ ಫೋನಿನ ಮೇಲೆ ಬೆರಳಾಡಿಸುತ್ತ "ಹ್ಞೂಂ" ಎಂದ. ಮೂರನೆಯ ಸಲ ಅವಳು ಹೇಳಲಿಲ್ಲ. ಜೋಮು ಹಿಡಿದ ಅದೇ ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ತಂದು, ಅವನ ಕಿವಿಗೂ ಫೋನಿಗೂ ನಡುವೆ ಜೋತಾಡುತ್ತಿದ್ದ ವೈರನ್ನು ಕಚಕ್ಕೆಂದು ಕತ್ತರಿಸಿದಳು.

"ಹಾಡು ಕೇಳದಿದ್ರೆ ಪ್ರಾಣ ಹೋಗತ್ತಾ ನಿಮಗೆ?"

ಅವನು ಜಗಳಕ್ಕೆ ಬರಲಿಲ್ಲ. ಎರಡೂ ತುಂಡನ್ನು ತಡವಿ ಆರಿಸಿ ಕಿಸೆಗೆ ಹಾಕಿಕೊಂಡ, ಕೈ ತೊಳೆದು ಪಾಳಿಗೆ ಹೊರಟ. ಬಾಗಿಲಲ್ಲಿ ಏನೋ ಹೇಳುವವನಂತೆ ನಿಂತ. ಅವಳು ಮಿಷನ್ ತುಳಿಯತೊಡಗಿದಳು, ಬೇಕೆಂದೇ ಜೋರಾಗಿ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾವ ಮನೆಯಲ್ಲೂ ಇರುವ ಕೊನೆಯ ಜಗಳ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮೂರು ತಿಂಗಳು ದಾಟಿಸಿದ್ದಳು.

ರಿಪೇರಿಯವಳು ಅದನ್ನು ಬಳಸುವುದು ಹೇಗೆಂದು ಕಲಿಸಿಕೊಟ್ಟಳು. ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಲ್ಲಿ ಎಳೆದರೆ ಸರಿಯುತ್ತದೆ. "ನಿಮಗೆ ಬೇಡಾದ್ರೆ ಆಫ್ ಮಾಡಿ ಕೊಡ್ತೀನಿ" ಎಂದಳು. ಹೊಲಿಗೆಯಕ್ಕ ಬೇಡ ಎಂದಳು. ಯಾಕೆ ಹಾಗೆಂದೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡಳು.

ಮನೆಗೆ ಬಂದು ಅತ್ತೆಯನ್ನು ಕೇಳಿದಳು. "ಅತ್ತೆ, ಮಾವನವರಿಗೆ ಕಣ್ಣು ಹೋಗಿತ್ತಲ್ಲ, ಹೇಗೆ ಹೋಯ್ತು?"

"ನಡೂಗಣ್ಣು ಹೋಯ್ತು. ನೇರ ನೋಡಿದ್ರೆ ಮಸಿ ಬಳಿದ ಹಾಗೆ, ಓರೆಯಾಗಿ ನೋಡಿದ್ರೆ ಕಾಣ್ತಿತ್ತು. ಓದೋಕೆ ಆಗ್ತಿರ್ಲಿಲ್ಲ ಅಷ್ಟೆ, ನಡೆದಾಡೋರು. ಆದ್ರೂ ಆಫೀಸಿನೋರು ಮನೆಗೆ ಕಳ್ಸಿದ್ರು. ಹನ್ನೊಂದು ವರ್ಷ ಆ ಮೂಲೆ ಕುರ್ಚಿ ಮೇಲೆ ಕೂತಿದ್ರು, ಕೂತೂ ಕೂತೂ ಕಾಲೂ ಸೋತ್ವು. ಕೈ ಹಿಡ್ಕೊಂಡು ಕಕ್ಕಸಿಗೆ ಕರ್ಕೊಂಡು ಹೋಗ್ತಿದ್ದೋನು ನಿನ್ನ ಗಂಡನೇ. ಶಾಲೆ ಬಿಟ್ಟು ಬಂದ ಕೂಡಲೇ ಅವನಿಗೆ ಅದೇ ಕೆಲ್ಸ." ಮುದುಕಿ ಸೊಸೆಯ ಕಡೆ ತಿರುಗಿದಳು. "ಯಾಕೆ ಕೇಳ್ತೀಯ?"

"ಸುಮ್ನೆ."

ಅಂದಿನಿಂದ ಮನೆಯಲ್ಲಿ ಮೂವರಾದರು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಹೊಲಿಗೆಯಕ್ಕ ಕಪಾಟು ತೆರೆದು ಆ ಹೆಂಗಸನ್ನು ಎಬ್ಬಿಸುತ್ತಿದ್ದಳು. ಅವಳು ನಗದೆ, ಅಳದೆ, ಒಂದೇ ದನಿಯಲ್ಲಿ ಗಂಡನ ಎರಡು ವರ್ಷವನ್ನು ಓದಿ ಹೇಳುತ್ತಿದ್ದಳು. "ಟಿಪ್ಪಣಿ. ಮನೆಯಿಂದ ಬಸ್ ನಿಲ್ದಾಣಕ್ಕೆ ನಾನೂರ ಹನ್ನೆರಡು ಹೆಜ್ಜೆ. ಅಂಗಡಿ ದಾಟಿದ ಮೇಲೆ ಚರಂಡಿ." "ಟಿಪ್ಪಣಿ. ಮೇಲಿನ ಗೂಟ ನೀಲಿ ಅಂಗಿ, ಕೆಳಗಿನದು ಬಿಳಿ." "ಫೋಟೋ. ಪಠ್ಯ. ಬೇಳೆ, ಸಾಬೂನು, ಬಿಳಿ ದಾರ ಆರು." ಅದು ಇವಳೇ ಬರೆದು ಕೊಟ್ಟ ಚೀಟಿ. ಬಿಳಿ ದಾರದ ಬದಲು ಹಳದಿ ತಂದ ಎಂದು ಇವಳು ಬಾಯಿಗೆ ಬಂದಂತೆ ಬೈದದ್ದೂ ಆ ವಾರವೇ. ಬಾಯ್ಲರಿನ ಫೋಟೋಗಳು ಸಾವಿರಾರು ಇದ್ದವು. ಎರಡು ವರ್ಷದ ಹಿಂದೆ, ಒತ್ತಡ ತೋರಿಸುತ್ತಿದ್ದ ಮುಳ್ಳು ತಿರುಗುವ ಹಳೆಯ ಮೀಟರು ತೆಗೆದು ಅಂಕಿ ಹೊಳೆಯುವ ಹೊಸ ಪೆಟ್ಟಿಗೆ ಹಾಕಿದ್ದರು. ಮುಳ್ಳಾದರೆ ಓರೆಗಣ್ಣಿಗೂ ಕಾಣುತ್ತಿತ್ತು, ಅಂಕಿ ಕಾಣಲಿಲ್ಲ. ಗಂಟೆಗೊಂದು ಫೋಟೋ ತೆಗೆದು, ಅದನ್ನು ಫೋನಿನ ಆ ಹೆಂಗಸಿನಿಂದ ಓದಿಸಿ, ಕಿವಿಯಲ್ಲಿ ಕೇಳಿ ಅವನು ಬಾಯ್ಲರ್ ನಡೆಸಿದ್ದ. "ಏಳು ಪಾಯಿಂಟ್ ಎರಡು. ಏಳು ಪಾಯಿಂಟ್ ಮೂರು. ಏಳು ಪಾಯಿಂಟ್ ಎರಡು."

ಒಂದು ಫೋಟೋದಲ್ಲಿ ಅಕ್ಷರವೇ ಇರಲಿಲ್ಲ. "ಫೋಟೋ. ಒಬ್ಬ ಮಹಿಳೆ. ಹೊಲಿಗೆ ಯಂತ್ರ. ಮುಖ ಅಸ್ಪಷ್ಟ" ಎಂದಳು ಫೋನಿನ ಹೆಂಗಸು. ಹೊಲಿಗೆಯಕ್ಕ ಫೋನು ಕೆಳಗಿಟ್ಟು ಕಪಾಟಿನ ಬಾಗಿಲಿಗೆ ಹಣೆ ಒತ್ತಿ ನಿಂತಳು. ಅವಳ ಮುಖ ಅವನಿಗೆ ಹೇಗೆ ಕಾಣುತ್ತಿತ್ತೋ ಅದನ್ನೇ ಆ ಹೆಂಗಸು ಹೇಳಿದ್ದಳು.

ಮಿಷನ್ ತುಳಿಯುವಾಗಲೂ ಆ ದನಿ ಕೇಳಿಸತೊಡಗಿತು. ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಯಾರೋ ಡಬ್ಬಿಗಳ ಹೆಸರು ಓದುತ್ತಿದ್ದಾರೆ ಎನಿಸುತ್ತಿತ್ತು. ಒಮ್ಮೆ ಅವಳು ಹೊರಗೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಫೋನು ತಾನಾಗಿ "ಬ್ಯಾಟರಿ ಹದಿನೈದು ಶೇಕಡಾ" ಎಂದಿತು. ಅತ್ತೆ ಗೋಡೆಯ ಕಡೆ ತಿರುಗಿ, "ಅವನು ಮನೇಲಿಲ್ಲಮ್ಮ, ಆಮೇಲೆ ಬಾ" ಎಂದು ಉತ್ತರ ಕೊಟ್ಟಳು. ನಗು ಬರಬೇಕಾದ ಮಾತು. ಹೊಲಿಗೆಯಕ್ಕನ ಕೈಯಿಂದ ಬಕೆಟ್ಟು ಜಾರಿತು.

ಗಂಡನ ಕೊನೆಯ ದಿನದ ಫೋಟೋಗಳ ಹತ್ತಿರ ಹೋಗಲು ಅವಳು ಬುಧವಾರದವರೆಗೆ ಹೆದರಿದಳು. ಬುಧವಾರ ಮಧ್ಯಾಹ್ನ ಹೋದಳು.

"ಫೋಟೋ. ಎರಡು ಗಂಟೆ ಆರು ನಿಮಿಷ. ಪಠ್ಯ. ಎರಡನೇ ಬಾಯ್ಲರ್ ಸೇಫ್ಟಿ ವಾಲ್ವ್ ಅಂಟಿಕೊಂಡಿದೆ. ಉರಿ ಹಚ್ಚಬೇಡಿ. ಫಿಟ್ಟರ್ ನಾಳೆ ಬರುತ್ತಾನೆ."

ಕೋಲಣ್ಣನ ದುಂಡು ಅಕ್ಷರ, ಬೋರ್ಡಿನ ತುಂಬ. ಅವಳು ಬೆರಳು ಸರಿಸಿದಳು. "ಫೋಟೋ. ಎರಡು ಗಂಟೆ ಏಳು ನಿಮಿಷ. ಪಠ್ಯ. ಎರಡನೇ ಬಾಯ್ಲರ್ ಸೇಫ್ಟಿ ವಾಲ್ವ್ ಅಂಟಿಕೊಂಡಿದೆ." ಮತ್ತೆ ಸರಿಸಿದಳು. ಅದೇ ಬೋರ್ಡು, ಇನ್ನಷ್ಟು ಹತ್ತಿರದಿಂದ. ಮತ್ತೆ ಅದೇ. ಎರಡು ಗಂಟೆ ಹದಿಮೂರು ನಿಮಿಷದವರೆಗೆ ಒಂಬತ್ತು ಫೋಟೋ. ಆಮೇಲೆ ಒಂದೂ ಇಲ್ಲ.

ನಿಶ್ಶಬ್ದವಾದ ಕೋಣೆಯಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬಾಯ್ಲರ್ ಮನೆ ನಿಶ್ಶಬ್ದವಾಗಿರುವುದಿಲ್ಲ. ಅಲ್ಲಿ ಒಂದನೇ ಬಾಯ್ಲರು ಹಗಲಿಡೀ ಉರಿಯುತ್ತದೆ, ಪಂಪು ಬಡಿದುಕೊಳ್ಳುತ್ತದೆ. ಕಿವಿಯೊಳಗೆ ವೈರು ಇದ್ದಿದ್ದರೆ ಮೊದಲ ಫೋಟೋಕ್ಕೇ ಕೇಳಿಸುತ್ತಿತ್ತು.

ಅವಳ ಬೆರಳು ತಾನಾಗಿ ಕೆಳಗೆ ಜಾರಿತು. "ಅಳಿಸು" ಎಂದಳು ಹೆಂಗಸು. ಎರಡು ಸಲ ತಟ್ಟಿದರೆ ಸಾಕು. ಅಳಿಸಿದರೆ ಕೋಲಣ್ಣ ಮುಳುಗುತ್ತಾನೆ. ಬರೀ ಫೋಟೋ ತೋರಿಸಿ ಬಾಯಿ ಮುಚ್ಚಿಕೊಂಡರೆ ಅವನು ಉಳಿಯುತ್ತಾನೆ, ಆದರೆ ಬೋರ್ಡು ನೋಡಿಯೂ ಉರಿ ಹಚ್ಚಿದವನು ಎಂಬ ಹೆಸರು ಗಂಡನಿಗೆ ಉಳಿಯುತ್ತದೆ. ಎಲ್ಲವನ್ನೂ ಹೇಳಿದರೆ, ಎರಡು ವರ್ಷ ಅವನು ಹಲ್ಲು ಕಚ್ಚಿ ಮುಚ್ಚಿಟ್ಟದ್ದು ಬೀದಿಗೆ ಬೀಳುತ್ತದೆ, ಜೊತೆಗೆ ಆ ಕತ್ತರಿಯೂ.

"ಏನಂತೆ ಅವಳು?" ಹಿಂದಿನಿಂದ ಅತ್ತೆಯ ದನಿ. ಯಾವಾಗ ಎದ್ದು ಬಂದಿದ್ದಳೋ, ಬಾಗಿಲು ಹಿಡಿದು ನಿಂತಿದ್ದಳು.

ಹೊಲಿಗೆಯಕ್ಕ ಎಲ್ಲವನ್ನೂ ಹೇಳಿದಳು. ಕಿವುಡು ಮುದುಕಿಗೆ ಕೂಗಿ ಕೂಗಿ ಹೇಳಬೇಕಾಯಿತು, ಕತ್ತರಿಯ ವಿಷಯವನ್ನು ಎರಡು ಸಲ. ಅತ್ತೆ ಮಂಚದ ಅಂಚಿನ ಮೇಲೆ ಕೂತಳು. ಬೈಯಲಿ, ಕೂದಲು ಹಿಡಿದು ಎಳೆಯಲಿ ಎಂದು ಸೊಸೆ ಕಾದಳು.

"ಕತ್ತರಿ ನಿನ್ನ ಕೈಲಿತ್ತು" ಎಂದಳು ಅತ್ತೆ ಕೊನೆಗೆ. "ಬಾಯಿ ಅವನ ಹತ್ರಾನೇ ಇತ್ತಲ್ಲ." ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇಬ್ಬರೂ ಅತ್ತರು.

ಗುರುವಾರ ಲಾಂಡ್ರಿಯ ಕಚೇರಿಯಲ್ಲಿ ವಿಚಾರಣಾಧಿಕಾರಿ, ಮ್ಯಾನೇಜರು, ಕೋಲಣ್ಣ ಇದ್ದರು. ಅವಳು ಫೋನನ್ನು ಮೇಜಿನ ಮೇಲಿಟ್ಟು ಮೊದಲ ಫೋಟೋ ತೆರೆದಳು. ಅಧಿಕಾರಿ ಬಗ್ಗಿ ನೋಡಿದ, ಸಮಯ ನೋಡಿದ. ಕೋಲಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ಅಂದ್ರೆ ಬೋರ್ಡ್ ಮೇಲೆ ಬರ್ದಿತ್ತು" ಎಂದ ಅಧಿಕಾರಿ.

"ಅವರೇ ಫೋಟೋನೂ ತೆಗೆದಿದಾರೆ" ಎಂದು ಮ್ಯಾನೇಜರು ಅವಸರದಲ್ಲಿ ಸೇರಿಸಿದ. "ಗೊತ್ತಿದ್ದೂ ಹಚ್ಚಿದಾರೆ ಅಂತಾಯ್ತು. ನಮ್ಮ ಕಡೆಯಿಂದ ಲೋಪ ಇಲ್ಲ."

"ಅಣ್ಣ ಅಂಥವರಲ್ಲ ಸಾರ್." ಬಚಾವಾಗಿ ಒಂದು ನಿಮಿಷವೂ ಆಗದ ಕೋಲಣ್ಣ ಹೇಳಿದ್ದು ಅದು. ಹೊಲಿಗೆಯಕ್ಕ ಅವನ ಕಡೆ ತಿರುಗಿದಳು. ಇವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿದ್ದಳು.

"ಅವರು ನೋಡೋಕೆ ತೆಗೆದ ಫೋಟೋ ಅಲ್ಲ ಅದು" ಎಂದಳು. "ಅವರಿಗೆ ಅಕ್ಷರ ಕಾಣ್ತಿರ್ಲಿಲ್ಲ. ಎರಡು ವರ್ಷದಿಂದ. ಫೋನು ಓದಿ ಹೇಳ್ತಿತ್ತು, ಅವರು ಇಯರ್‌ಫೋನಲ್ಲಿ ಕೇಳಿಸ್ಕೊಂಡು ಕೆಲಸ ಮಾಡ್ತಿದ್ರು. ಅವತ್ತು ಮಧ್ಯಾಹ್ನ ಆ ವೈರು ನಾನು ಕತ್ತರಿಸಿದೆ. ಹಾಡು ಕೇಳ್ತಾರೆ ಅಂತ ಸಿಟ್ಟು ಬಂದು."

ಬರೆದುಕೊಳ್ಳುತ್ತಿದ್ದ ಅಧಿಕಾರಿಯ ಪೆನ್ನು ನಿಂತಿತು. ದಿನಾ ಐದಾರು ನಿಮಿಷ ತಡವಾಗಿ ಬರುತ್ತಿದ್ದ ಅಣ್ಣ, ರಿಜಿಸ್ಟರು ಎದುರಿಗೆ ಇಟ್ಟುಕೊಂಡು ಪಾಳಿ ವಹಿಸಿಕೊಳ್ಳಲು ಒಲ್ಲದ ಅಣ್ಣ, ಇದೆಲ್ಲ ಕೋಲಣ್ಣನಿಗೆ ಈಗ ಅರ್ಥವಾಗುತ್ತಿದೆ ಎಂದು ಅವನ ಮುಖವೇ ಹೇಳಿತು.

"ಫೋನಿಗೆ ಸ್ಪೀಕರ್ ಇದೆಯಲ್ಲಮ್ಮ" ಎಂದ ಅಧಿಕಾರಿ ಮೆತ್ತಗೆ. "ಕಿವಿಗೆ ಹಿಡಿದ್ರೆ ಕೇಳಿಸ್ತಿರ್ಲಿಲ್ವಾ?"

"ನಡೀರಿ, ನೋಡೋಣ" ಎಂದು ಹೊಲಿಗೆಯಕ್ಕ ಫೋನು ಎತ್ತಿಕೊಂಡಳು.

ಬಾಯ್ಲರ್ ಮನೆಯೊಳಗೆ ಅವಳು ಇದುವರೆಗೆ ಕಾಲಿಟ್ಟಿರಲಿಲ್ಲ. ಎರಡನೇ ಬಾಯ್ಲರಿದ್ದ ಜಾಗ ಖಾಲಿಯಿತ್ತು, ಗೋಡೆಗೆ ಹೊಸ ಬಣ್ಣ. ಒಂದನೆಯದು ಉರಿಯುತ್ತಿತ್ತು. ಸದ್ದು ಕಿವಿಗಷ್ಟೇ ಅಲ್ಲ, ಹಲ್ಲಿಗೂ ಬಡಿಯುತ್ತಿತ್ತು. ಬೋರ್ಡಿನ ಮುಂದೆ ನಿಂತು ಅವಳು ದನಿಯನ್ನು ಪೂರ್ತಿ ಏರಿಸಿದಳು, ಮೊದಲ ಫೋಟೋ ಮುಟ್ಟಿ ಫೋನನ್ನು ಎಡಗಿವಿಗೆ ಒತ್ತಿದಳು. ಅಂಗೈಯಲ್ಲಿ ಫೋನು ಸಣ್ಣಗೆ ನಡುಗಿತು. ಹೆಂಗಸು ಮಾತಾಡುತ್ತಿದ್ದಳು, ಕೇಳಿಸಲಿಲ್ಲ. ಎರಡನೆಯ ಫೋಟೋ, ಮೂರನೆಯದು. ಕಿವಿ ನೋಯುವಷ್ಟು ಒತ್ತಿದಳು, ಇನ್ನೊಂದು ಕಿವಿಗೆ ಬೆರಳು ತುರುಕಿದಳು. ಒಂದು ವಾರದಿಂದ ಅಡುಗೆಮನೆಯವರೆಗೂ ಬೆನ್ನು ಹತ್ತಿದ್ದ ದನಿ ಇಲ್ಲಿ ಬೇಕೆಂದರೂ ಸಿಗಲಿಲ್ಲ. ಒಂಬತ್ತನೆಯದೂ ಕೇಳಿಸಲಿಲ್ಲ. ಇಲ್ಲಿ ಹೀಗೆಯೇ ನಿಂತು, ಬೋರ್ಡಿನಲ್ಲಿ ಏನೋ ಇದೆ ಎಂದು ಮಾತ್ರ ತಿಳಿದು, ಏಳು ನಿಮಿಷ ಕಳೆದಿದ್ದ ಅವನು. ಮೂರು ಹೆಜ್ಜೆ ಆಚೆಯ ಬಾಗಿಲಲ್ಲಿ ಹೆಂಗಸರು ಹಾಸು ಮಡಿಸುತ್ತಿದ್ದರು, ಆ ದಿನವೂ ಮಡಿಸುತ್ತಿದ್ದಿರಬೇಕು. ಹೊರಗೆ ಹೋಗಿ ಫೋನು ಓದಿಸಿದ್ದರೆ ಅವರಿಗೂ ಕೇಳಿಸಿ ಗುಟ್ಟು ಬಯಲಾಗುತ್ತಿತ್ತು, ಓದಿ ಹೇಳಿ ಎಂದು ಅವರನ್ನೇ ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಅಧಿಕಾರಿ ಏನೋ ಕೂಗಿದ. ಅವನ ಬಾಯಿ ಆಡುವುದಷ್ಟೇ ಕಂಡಿತು. ಅವಳು ತಲೆಯಾಡಿಸಿದಳು, ಇಲ್ಲ.

ಆಮೇಲೆ ಅವಳು ಕೋಲಣ್ಣನ ಕಡೆ ತಿರುಗಿ, ಫೋನನ್ನು ಅವನ ಕೈಗಿಟ್ಟು, ಅವನ ತೋಳು ಹಿಡಿದು ಬಗ್ಗಿಸಿ ಕಿವಿಯಲ್ಲಿ ಕೂಗಿದಳು.

"ಏನ್ ಬರ್ದಿದೆ ಇದ್ರಲ್ಲಿ? ಓದಿ ಹೇಳಪ್ಪ ತಮ್ಮಾ."

ಕೋಲಣ್ಣ ಅವಳ ಮುಖ ನೋಡಿದ. ನಂತರ ಉದ್ದ ಬೆನ್ನು ಬಗ್ಗಿಸಿ, ಅವಳ ಕಿವಿಯ ಹತ್ತಿರ ಬಾಯಿ ತಂದು, ತಾನೇ ಬರೆದ ಮೂರು ಸಾಲನ್ನು ಅಳುತ್ತ ಓದಿದ. ಅಷ್ಟು ಸದ್ದಿನ ನಡುವೆ ಪ್ರತಿಯೊಂದು ಅಕ್ಷರವೂ ಅವಳಿಗೆ ಕೇಳಿಸಿತು.